ವಿಮಾನದ ಪುನರಾರೋಹಣ: ಸಂಜ್ಞಾವಿಚಾರವೂ ಸಂಖ್ಯಾವಿಚಾರವೂ

ಆರಂಭಿಸಿದ ಕಾರ್ಯವನ್ನು ಕೊನೆಮುಟ್ಟಿಸದೆ ಬಿಡಬಾರದೆಂಬುದು ಲೋಕದಲ್ಲಿ ಪ್ರಸಿದ್ಧವಾದ ನೀತಿ. ನಡುವೆ ಕೈಬಿಟ್ಟವನನ್ನು ಅಧೀರನೆಂದೂ, ವಿಘ್ನಗಳನ್ನು ಲೆಕ್ಕಿಸದೆ ಮುಗಿಸಿದವನನ್ನು ಧೀರನೆಂದೂ ಕರೆಯುವುದು ವಾಡಿಕೆಯಾಗಿರುವುದು. ಈ ನೀತಿಯು ಬಹುಮಟ್ಟಿಗೆ ಸಾಧುವೇ ಆದರೂ ಇದಕ್ಕೆ ಹೊರತಾದ ಕರ್ಮಗಳೂ ಕೆಲವುಂಟು. ವಿಮಾನವನ್ನು ನೆಲಕ್ಕಿಳಿಸುವ ಕರ್ಮವು ಅಂಥವುಗಳಲ್ಲಿ ಒಂದು. ಇಳಿಯುವ ಕಾರ್ಯವು ಇನ್ನೇನು ಮುಗಿಯಿತೆನ್ನುವ ಹಂತದಲ್ಲಿ ಅದನ್ನು ಬಿಟ್ಟು ಮತ್ತೆ ಮೇಲಕ್ಕೇರುವುದು ಆ ವಿದ್ಯೆಯಲ್ಲಿ ವಿಹಿತವಾದ ಕ್ರಿಯೆ. ಇಂಗ್ಲಿಷಿನಲ್ಲಿ ಇದನ್ನು ‘ಗೋ-ಅರೌಂಡ್’ ಎಂದು ಕರೆಯುವರು. ಈ ಕ್ರಿಯೆಯು ಎಷ್ಟು ಬಾರಿ ಸಂಭವಿಸುವುದು, ಆ ಸಂಖ್ಯೆಯನ್ನು ಯಾವ ಅರ್ಥದಲ್ಲಿ ಗ್ರಹಿಸಬೇಕು, ಅದಕ್ಕೆ ಕನ್ನಡದಲ್ಲಿ ಯಾವ ಹೆಸರು ಒಪ್ಪುವುದು ಎಂಬ ಮೂರು ಪ್ರಶ್ನೆಗಳು ಇಲ್ಲಿ ವಿಚಾರಕ್ಕೆ ಬಂದಿರುವುವು. ಹೆಸರಿನ ಪ್ರಶ್ನೆಯು ಕೇವಲ ಶಬ್ದಶಾಸ್ತ್ರಕ್ಕೆ ಸೇರಿದ್ದೆಂದು ಮೊದಲ ನೋಟಕ್ಕೆ ತೋರಿದರೂ ಪ್ರಾಣರಕ್ಷಣೆಗೂ ಅದಕ್ಕೂ ಸಂಬಂಧವಿರುವುದು ಮುಂದಿನ ನಿರೂಪಣೆಯಿಂದ ತಿಳಿದುಬರುವುದು.

೧. ವಿಷಯಸ್ವರೂಪ

ವಿಮಾನವು ನಿಲ್ದಾಣವನ್ನು ಸಮೀಪಿಸಿ, ರನ್‌ವೇಯ ನೇರಕ್ಕೆ ಬಂದು, ಕ್ರಮವಾಗಿ ಎತ್ತರವನ್ನು ಕಳೆದುಕೊಳ್ಳುತ್ತ ಬರುವುದನ್ನು ಇಲ್ಲಿ ಅಭಿಗಮನವೆಂದೂ, ಚಕ್ರಗಳು ನೆಲವನ್ನು ಮುಟ್ಟಿ ವೇಗವು ತಗ್ಗುವವರೆಗಿನ ಕ್ರಿಯೆಯನ್ನು ಅವತರಣವೆಂದೂ ಕರೆಯಲಾಗಿದೆ. ಅಭಿಗಮನದ ಇಳಿಜಾರು ಸಾಧಾರಣವಾಗಿ ೩ ಡಿಗ್ರಿಗಳಷ್ಟು ಇರುವುದು. ಎಂದರೆ ವಿಮಾನವು ಒಂದು ನಾವಿಕ ಮೈಲಿಯಷ್ಟು ಮುಂದೆ ಬರುವಷ್ಟರಲ್ಲಿ ಸುಮಾರು ೩೦೦ ಅಡಿ ಕೆಳಗಿಳಿಯುವುದು. ನೆಲದಿಂದ ೧,೦೦೦ ಅಡಿ ಎತ್ತರದಲ್ಲಿರುವಾಗ ರನ್‌ವೇಯು ಸುಮಾರು ಮೂರು ನಾವಿಕ ಮೈಲಿಗಳ ದೂರದಲ್ಲಿರುವುದು. ಗಂಟೆಗೆ ೧೪೦ ನಾವಿಕ ಮೈಲಿಗಳ ವೇಗದಲ್ಲಿ ಬರುವ ವಿಮಾನಕ್ಕೆ ಅಲ್ಲಿಂದ ನೆಲ ಮುಟ್ಟಲು ಸುಮಾರು ೮೦ ಸೆಕೆಂಡುಗಳ ಅವಕಾಶ ಮಾತ್ರ ಉಳಿದಿರುವುದು. ಇಳಿಯಬೇಕೆ ಬಿಡಬೇಕೆ ಎಂಬ ನಿರ್ಣಯವು ಈ ಅಲ್ಪಕಾಲದೊಳಗೆ ಆಗಬೇಕು.

ಬಿಡಬೇಕೆಂದು ನಿರ್ಣಯವಾದೊಡನೆ ಚಾಲಕನು ಎಂಜಿನ್‌ಗಳಿಗೆ ಪೂರ್ಣಪ್ರಾಯವಾದ ಶಕ್ತಿಯನ್ನು ಕೊಟ್ಟು, ವಿಮಾನದ ಮೂತಿಯನ್ನು ಮೇಲಕ್ಕೆತ್ತಿ, ಇಳಿಯುವುದಕ್ಕಾಗಿ ಪೂರ್ತಿ ಚಾಚಿದ್ದ ರೆಕ್ಕೆಯ ಪಟ್ಟಿಗಳನ್ನು ಒಂದು ಹಂತ ಹಿಂತೆಗೆದು, ವಿಮಾನವು ಮೇಲೇರುತ್ತಿರುವುದು ನಿಶ್ಚಯವಾದ ಮೇಲೆ ಚಕ್ರಗಳನ್ನು ಒಳಕ್ಕೆಳೆದುಕೊಳ್ಳುವನು. ಬಳಿಕ ನಿಯತವಾದ ಎತ್ತರಕ್ಕೇರಿ, ನಿಯತವಾದ ಮಾರ್ಗದಲ್ಲಿ ಸುತ್ತಿ ಬಂದು ಮತ್ತೊಮ್ಮೆ ಅಭಿಗಮನವನ್ನು ತೊಡಗುವನು. ಇಲ್ಲವೆ ಬೇರೊಂದು ನಿಲ್ದಾಣಕ್ಕೆ ತೆರಳುವನು. ನೆಲವನ್ನು ಸಮೀಪಿಸಿದ ಮೇಲೂ, ಕೆಲವು ವೇಳೆ ಚಕ್ರಗಳು ನೆಲವನ್ನು ಮುಟ್ಟಿದ ಮೇಲೂ, ಈ ಕ್ರಿಯೆಗೆ ಅವಕಾಶವುಂಟು. ಆದರೆ ಎಂಜಿನ್ನಿನ ಒತ್ತಡವನ್ನು ಹಿಮ್ಮುಖವಾಗಿ ತಿರುಗಿಸುವ ಸಾಧನವನ್ನು ಒಮ್ಮೆ ತೆರೆದಮೇಲೆ ಇದಕ್ಕೆ ಅವಕಾಶವಿಲ್ಲ. ಆಗ ನಿಲ್ಲಿಸುವುದೊಂದೇ ವಿಹಿತ.

ಈ ಕ್ರಿಯೆಯು ಸಂಕಟಕಾಲದಲ್ಲಿ ಹೇಗೋ ಹೊಳೆಯುವ ಉಪಾಯವಲ್ಲವೆಂಬುದನ್ನು ಮುಖ್ಯವಾಗಿ ತಿಳಿಯಬೇಕು. ಇದಕ್ಕೆ ಮೂರು ಪ್ರಮಾಣಗಳುಂಟು. ಮೊದಲನೆಯದು ವಿಮಾನದ ರಚನೆ. ಚಕ್ರಗಳನ್ನು ಇಳಿಬಿಟ್ಟು, ಪಟ್ಟಿಗಳನ್ನು ಚಾಚಿ ಇಳಿಯುವ ಸ್ಥಿತಿಯಲ್ಲಿಯೇ ಇರುವಾಗ ಕೂಡ, ಶಕ್ತಿಯನ್ನು ಹೆಚ್ಚಿಸಿದ ೮ ಸೆಕೆಂಡುಗಳಲ್ಲಿ ದೊರೆಯುವ ಬಲದಿಂದ ಶೇಕಡ ೩.೨ಕ್ಕೆ ಕಡಮೆಯಿಲ್ಲದ ಏರಿಕೆಯಲ್ಲಿ ಮೇಲೇರಬಲ್ಲದೆಂದು ಸಿದ್ಧಪಟ್ಟ ಹೊರತು ದೊಡ್ಡ ಪ್ರಯಾಣಿಕ ವಿಮಾನಕ್ಕೆ ಅನುಮತಿಯು ದೊರೆಯುವುದಿಲ್ಲ. ಎರಡನೆಯದು ಮಾರ್ಗಪಟ. ಯಂತ್ರಸಹಾಯದಿಂದ ಇಳಿಯುವ ಪ್ರತಿಯೊಂದು ಮಾರ್ಗದ ಪಟದಲ್ಲಿಯೂ, ಇಳಿಯದಿದ್ದರೆ ಯಾವ ದಿಕ್ಕಿಗೆ ಎಷ್ಟು ಎತ್ತರಕ್ಕೆ ಏರಬೇಕೆಂಬುದನ್ನು ಮೊದಲೇ ಬರೆದಿಟ್ಟಿರುವರು. ಮೂರನೆಯದು ಇಂಧನದ ಗಣನೆ. ಗಮ್ಯಸ್ಥಾನವನ್ನು ತಲುಪಿ, ಅಲ್ಲಿ ಒಮ್ಮೆ ಇಳಿಯದೆ ಮೇಲೇರಿ, ಬೇರೊಂದು ನಿಲ್ದಾಣಕ್ಕೆ ಹೋಗಿ, ಆ ಮೇಲೂ ೩೦ ನಿಮಿಷಗಳ ಕಾಲ ಹಾರಲು ಸಾಕಾಗುವಷ್ಟು ಇಂಧನವನ್ನು ಹೊರಡುವಾಗಲೇ ತುಂಬಿಕೊಳ್ಳಬೇಕೆಂಬುದು ಸಾಮಾನ್ಯವಿಧಿ. ಹೀಗೆ ಯಂತ್ರದಲ್ಲಿಯೂ ಪಟದಲ್ಲಿಯೂ ಇಂಧನದಲ್ಲಿಯೂ ಈ ಕ್ರಿಯೆಗೆ ಸ್ಥಾನವು ಕಲ್ಪಿತವಾಗಿದೆ. ಸ್ಥಾನವು ಸಂದೇಹಾಸ್ಪದವಾಗಿರುವುದು ಮನುಷ್ಯನ ಮನಸ್ಸಿನಲ್ಲಿ ಮಾತ್ರ.

೨. ಸಂಜ್ಞಾವಿಚಾರ

ಇಂಗ್ಲಿಷಿನಲ್ಲಿ ಈ ಕ್ರಿಯೆಗೆ ಒಂದಕ್ಕಿಂತ ಹೆಚ್ಚು ಹೆಸರುಗಳುಂಟು. ಮಾರ್ಗಪಟಗಳಲ್ಲಿ ಕಾಣುವ ‘ಮಿಸ್ಡ್ ಅಪ್ರೋಚ್’ ಎಂಬುದಕ್ಕೆ ತಪ್ಪಿದ ಅಭಿಗಮನವೆಂದು ಅರ್ಥ. ನೆಲದ ತೀರ ಸಮೀಪದಲ್ಲಿ ಬಿಟ್ಟುದನ್ನು ‘ಬಾಕ್ಡ್ ಲ್ಯಾಂಡಿಂಗ್’ ಎನ್ನುವರು. ಕುದುರೆಯು ಬೇಲಿಯ ಮುಂದೆ ಹಟದಿಂದ ನಿಂತಂತೆ ಎಂಬ ಭಾವನೆಯು ಅದರಲ್ಲಿ ಅಡಗಿರುವುದು. ಬ್ರಿಟಿಷರ ಹಳೆಯ ಬಳಕೆಯಲ್ಲಿ ಇದನ್ನೇ ‘ಓವರ್‌ಶೂಟ್’ ಎನ್ನುತ್ತಿದ್ದರು. ಆದರೆ ವಿಮಾನವು ನಿಲ್ಲಲಾರದೆ ರನ್‌ವೇಯ ತುದಿಯನ್ನು ದಾಟಿ ಹೋಗುವ ಅಪಘಾತಕ್ಕೂ ಅದೇ ಪದವು ಸಲ್ಲುತ್ತಿತ್ತು. ಅಪಾಯಕ್ಕೂ ಅದರ ಪರಿಹಾರಕ್ಕೂ ಒಂದೇ ಹೆಸರು ಇರುವುದು ನಾನಾರ್ಥಪದಗಳಿಂದ ಉಂಟಾಗುವ ತೊಡಕಿಗೆ ಒಳ್ಳೆಯ ನಿದರ್ಶನ. ಇವೆಲ್ಲಕ್ಕಿಂತ ‘ಗೋ-ಅರೌಂಡ್’ ಎಂಬುದೇ ಉತ್ತಮವಾದುದು. ಅದರಲ್ಲಿ ತಪ್ಪು, ಹಟ, ಮೀರುವಿಕೆ ಎಂಬ ಯಾವ ದೋಷಸೂಚನೆಯೂ ಇಲ್ಲ. ಸುತ್ತಿಬಾ ಎಂಬ ವಿಧಿಯು ಮಾತ್ರ ಇರುವುದು.

ಕನ್ನಡದಲ್ಲಿ ಇದಕ್ಕೆ ಎಲ್ಲರೂ ಒಪ್ಪಿದ ಹೆಸರು ನೆಲೆಗೊಂಡಿಲ್ಲ. ಆದುದರಿಂದ ಸುದ್ದಿಯನ್ನು ಬರೆಯುವವರು ಇಂಥ ಸಂದರ್ಭದಲ್ಲಿ ವಿಫಲವೆಂಬ ಪದವನ್ನು ಸುಲಭವಾಗಿ ಆಶ್ರಯಿಸುವರು. ಇಳಿಯುವ ಯತ್ನವು ವಿಫಲವಾಯಿತೆಂದು ಬರೆದೊಡನೆ ಓದುಗನ ಮನಸ್ಸಿನಲ್ಲಿ ಚಾಲಕನ ಅಸಾಮರ್ಥ್ಯವೋ ಯಂತ್ರದ ದೋಷವೋ ಮೂಡುವುದು. ವಾಸ್ತವದಲ್ಲಿ ನಡೆದಿರುವುದು ಅದಲ್ಲ. ಇಳಿಯಲು ಬೇಕಾದ ಸ್ಥಿತಿಯು ಇಲ್ಲವೆಂದು ಅರಿತ ಚಾಲಕನು ವಿಹಿತವಾದುದನ್ನು ಮಾಡಿದನೆಂಬುದಿಷ್ಟೇ. ಈ ಕಾರಣದಿಂದ ದೋಷಸೂಚನೆಯಿಲ್ಲದ ‘ಪುನರಾರೋಹಣ’ ಎಂಬ ಪದವನ್ನು ಇಲ್ಲಿ ಬಳಸಲಾಗಿದೆ. ಅಚ್ಚಗನ್ನಡವನ್ನು ಬಯಸುವವರಿಗೆ ‘ಮರುವೇರಿಕೆ’ ಎಂಬುದೂ ಒಪ್ಪಬಹುದು.

೩. ನಿಮಿತ್ತಗಳು

ಪುನರಾರೋಹಣದ ನಿಮಿತ್ತಗಳನ್ನು ಬಾಹ್ಯವೆಂದೂ ಆಭ್ಯಂತರವೆಂದೂ ಎರಡಾಗಿ ವಿಂಗಡಿಸಬಹುದು. ಮುಂದೆ ಇಳಿದ ವಿಮಾನವು ರನ್‌ವೇಯನ್ನು ಇನ್ನೂ ಬಿಟ್ಟುಹೋಗದಿರುವುದು, ಗಾಳಿಯು ಇದ್ದಕ್ಕಿದ್ದಂತೆ ದಿಕ್ಕನ್ನೂ ವೇಗವನ್ನೂ ಬದಲಿಸುವುದು, ಮಳೆ ಮಂಜುಗಳಿಂದ ರನ್‌ವೇಯು ಕಾಣದಿರುವುದು, ಪ್ರಾಣಿಗಳೋ ವಾಹನಗಳೋ ರನ್‌ವೇಗೆ ಅಡ್ಡ ಬರುವುದು ಇವೇ ಮೊದಲಾದುವು ಬಾಹ್ಯನಿಮಿತ್ತಗಳು. ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಯ ಬಯಲಿನಲ್ಲಿ ಮಾರ್ಗಶಿರ ಪುಷ್ಯಮಾಸಗಳ ಬೆಳಗಿನ ಜಾವದಲ್ಲಿ ಕವಿಯುವ ಮಂಜು ಇದಕ್ಕೆ ಕನ್ನಡನಾಡಿನವರಿಗೆ ಪರಿಚಿತವಾದ ಉದಾಹರಣೆ. ಯಂತ್ರಸಹಾಯದಿಂದ ಇಳಿಯುವ ಪ್ರಥಮವರ್ಗದ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ೨೦೦ ಅಡಿಗಳ ಎತ್ತರವು ನಿರ್ಣಯದ ಎಲ್ಲೆಯಾಗಿರುವುದು. ಅಲ್ಲಿಗೆ ಬಂದಾಗಲೂ ರನ್‌ವೇಯ ದೀಪಗಳಾಗಲಿ ಗುರುತುಗಳಾಗಲಿ ಕಾಣದಿದ್ದರೆ ಮೇಲೇರಲೇಬೇಕು.

ಆಭ್ಯಂತರ ನಿಮಿತ್ತವೆಂದರೆ ಅಭಿಗಮನವೇ ಅಸ್ಥಿರವಾಗಿರುವುದು. ಸ್ಥಿರವಾದ ಅಭಿಗಮನಕ್ಕೆ ಲಕ್ಷಣಗಳು ಹೇಳಲ್ಪಟ್ಟಿವೆ. ವಿಮಾನವು ನಿಯತವಾದ ಇಳಿಜಾರಿನಲ್ಲಿಯೂ ನೇರದಲ್ಲಿಯೂ ಇರಬೇಕು. ವೇಗವು ನಿಯತವಾದುದಕ್ಕಿಂತ ಕಡಮೆಯಾಗಿರಬಾರದು, ೨೦ ನಾಟ್‌ಗಳಿಗಿಂತ ಹೆಚ್ಚಾಗಿ ಮೀರಿರಲೂ ಬಾರದು. ಇಳಿಯುವ ವೇಗವು ನಿಮಿಷಕ್ಕೆ ೧,೦೦೦ ಅಡಿಗಳನ್ನು ಮೀರಬಾರದು. ಚಕ್ರಗಳೂ ಪಟ್ಟಿಗಳೂ ಇಳಿಯುವ ಸ್ಥಿತಿಯಲ್ಲಿರಬೇಕು. ಎಂಜಿನ್‌ಗಳಲ್ಲಿ ತಕ್ಕಷ್ಟು ಶಕ್ತಿಯಿರಬೇಕು. ಓದಿ ಒಪ್ಪಿಸತಕ್ಕ ಪಟ್ಟಿಕೆಗಳೆಲ್ಲ ಮುಗಿದಿರಬೇಕು. ಮೋಡ ಮಂಜುಗಳಿರುವಾಗ ೧,೦೦೦ ಅಡಿಗಳ ಎತ್ತರದಲ್ಲಿಯೂ, ಆಕಾಶವು ತಿಳಿಯಾಗಿರುವಾಗ ೫೦೦ ಅಡಿಗಳ ಎತ್ತರದಲ್ಲಿಯೂ ಈ ಲಕ್ಷಣಗಳೆಲ್ಲವೂ ಕೂಡಿರಬೇಕೆಂಬುದು ಸಾಮಾನ್ಯವಾಗಿ ಅಂಗೀಕೃತವಾದ ನಿಯಮ. ಇವುಗಳಲ್ಲಿ ಒಂದು ತಪ್ಪಿದರೂ ಪುನರಾರೋಹಣವು ಪ್ರಾಪ್ತವಾಗುವುದು.

ಇಲ್ಲಿ ಧರ್ಮಶಾಸ್ತ್ರದ ಒಂದು ವಿಭಾಗವು ಉಪಯುಕ್ತವಾಗುವುದು. ಶಾಸ್ತ್ರಕಾರರು ಕರ್ಮಗಳನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಮೂರಾಗಿ ಎಣಿಸಿರುವರು. ಇವುಗಳಲ್ಲಿ ನೈಮಿತ್ತಿಕವು ಪ್ರತಿದಿನ ಮಾಡತಕ್ಕದ್ದಲ್ಲ. ಇಷ್ಟಬಂದಾಗ ಮಾಡತಕ್ಕದ್ದೂ ಅಲ್ಲ. ನಿಮಿತ್ತವು ಒದಗಿದಾಗ ಅವಶ್ಯವಾಗಿ ಮಾಡತಕ್ಕದ್ದು. ಗ್ರಹಣಸ್ನಾನವು ಇದಕ್ಕೆ ಪ್ರಸಿದ್ಧವಾದ ದೃಷ್ಟಾಂತ. ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಒದಗುವುದೆಂಬ ಕಾರಣದಿಂದ ಅದು ಐಚ್ಛಿಕವಾಗುವುದಿಲ್ಲ. ಗ್ರಹಣಸ್ನಾನವನ್ನು ಮಾಡಿದವನ ನಿತ್ಯಸ್ನಾನವು ವಿಫಲವಾಯಿತೆಂದು ಹೇಳುವವರೂ ಇಲ್ಲ. ಪುನರಾರೋಹಣವು ಶುದ್ಧವಾದ ನೈಮಿತ್ತಿಕ ಕರ್ಮ. ಈ ಲಕ್ಷಣವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಸಂಖ್ಯೆಗಳ ಅರ್ಥವು ತಾನಾಗಿಯೇ ವಿಶದವಾಗುವುದು.

೪. ಸಂಖ್ಯಾವಿಚಾರ

ಸಾವಿರ ಅಭಿಗಮನಗಳಲ್ಲಿ ಸರಾಸರಿಯಾಗಿ ಒಂದರಿಂದ ಮೂರರವರೆಗೆ ಪುನರಾರೋಹಣಗಳು ಆಗುವುವೆಂದು ಅಮೆರಿಕದ ಫ್ಲೈಟ್ ಸೇಫ್ಟಿ ಫೌಂಡೇಶನ್ ಎಂಬ ಸಂಸ್ಥೆಯು ೨೦೧೭ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿರುವುದು. ಸಂಸ್ಥೆಯಿಂದ ಸಂಸ್ಥೆಗೂ ನಿಲ್ದಾಣದಿಂದ ನಿಲ್ದಾಣಕ್ಕೂ ಈ ಪ್ರಮಾಣವು ವ್ಯತ್ಯಾಸವಾಗುವುದು. ಅಲ್ಪದೂರದ ಮಾರ್ಗಗಳಲ್ಲಿ ದಿನಕ್ಕೆ ಅನೇಕ ಸಲ ಇಳಿಯುವ ಚಾಲಕನಿಗೆ ವರ್ಷದಲ್ಲಿ ಒಂದೆರಡು ಬಾರಿ ಈ ಕ್ರಿಯೆಯು ಒದಗಬಹುದು. ಸಮುದ್ರಗಳನ್ನು ದಾಟುವ ದೀರ್ಘಮಾರ್ಗಗಳ ಚಾಲಕನಿಗೆ ಎರಡು ಮೂರು ವರ್ಷಗಳಿಗೊಮ್ಮೆ ಒದಗಬಹುದು. ಇದರಿಂದ ಪುನರಾರೋಹಣವು ವಿರಳವೆಂಬುದು ತಿಳಿದುಬರುವುದು.

ಇಷ್ಟಕ್ಕೇ ನಿಂತರೆ ಈ ಸಂಖ್ಯೆಯು ಸಂತೋಷಕರವಾಗಿಯೇ ತೋರುವುದು. ಸಾವಿರದಲ್ಲಿ ಒಂದೆರಡು ಬಾರಿ ಮಾತ್ರ ಇಳಿಯಲಾಗದಿದ್ದರೆ ವಿದ್ಯೆಯು ಚೆನ್ನಾಗಿ ಸಿದ್ಧಿಸಿದೆಯೆಂದಲ್ಲವೆ ಭಾವಿಸಬೇಕು? ಆದರೆ ನೈಮಿತ್ತಿಕ ಕರ್ಮದ ವಿಚಾರದಲ್ಲಿ ಎಷ್ಟು ಬಾರಿ ಮಾಡಿದನೆಂಬುದು ಸರಿಯಾದ ಪ್ರಶ್ನೆಯಲ್ಲ. ನಿಮಿತ್ತವು ಎಷ್ಟು ಬಾರಿ ಒದಗಿತು, ಅವುಗಳಲ್ಲಿ ಎಷ್ಟು ಬಾರಿ ಮಾಡಿದನು ಎಂಬುದೇ ಸರಿಯಾದ ಪ್ರಶ್ನೆ. ಮೇಲ್ಕಂಡ ವರದಿಯಲ್ಲಿ ಇದಕ್ಕೂ ಉತ್ತರವುಂಟು. ಅಭಿಗಮನಗಳಲ್ಲಿ ಶೇಕಡ ೩ರಿಂದ ೪ರಷ್ಟು ಅಸ್ಥಿರವಾದುವೆಂದೂ, ಹಾಗೆ ಅಸ್ಥಿರವಾದವುಗಳಲ್ಲಿ ಶೇಕಡ ೩ರಷ್ಟು ಮಾತ್ರ ಪುನರಾರೋಹಣದಲ್ಲಿ ಕೊನೆಗೊಳ್ಳುವುವೆಂದೂ, ಉಳಿದ ೯೭ ಭಾಗವು ಹಾಗೆಯೇ ಇಳಿಯುವುವೆಂದೂ ಅಲ್ಲಿ ಹೇಳಿದೆ.

ಇದನ್ನು ಲೆಕ್ಕಕ್ಕೆ ತಂದರೆ ಸಾವಿರ ಅಭಿಗಮನಗಳಲ್ಲಿ ಸುಮಾರು ೩೫ ಅಸ್ಥಿರವಾದುವು. ಆ ೩೫ರಲ್ಲಿ ನಿಯಮಾನುಸಾರವಾಗಿ ಮೇಲೇರಿದುದು ಒಂದು. ನಿಯಮವನ್ನು ಮೀರಿ ಇಳಿದುವು ೩೪. ಎಂದರೆ ಆಭ್ಯಂತರನಿಮಿತ್ತದಿಂದ ಪ್ರಾಪ್ತವಾದ ಪುನರಾರೋಹಣಗಳಲ್ಲಿ ಬಹುಪಾಲು ನಡೆಯುವುದೇ ಇಲ್ಲ. ಆದುದರಿಂದ ವಿರಳತೆಯು ಇಲ್ಲಿ ನೈಪುಣ್ಯದ ಗುರುತಲ್ಲ, ವಿಧಿಲೋಪದ ಗುರುತು. ರನ್‌ವೇಯ ತುದಿಯನ್ನೋ ಅಂಚನ್ನೋ ದಾಟಿಹೋದ ೧೬ ವರ್ಷಗಳ ಅಪಘಾತಗಳನ್ನು ಪರಿಶೀಲಿಸಿದಾಗ, ಪುನರಾರೋಹಣದ ನಿರ್ಣಯವನ್ನು ಕೈಕೊಂಡಿದ್ದರೆ ಅವುಗಳಲ್ಲಿ ಶೇಕಡ ೮೩ರಷ್ಟು ತಪ್ಪಬಹುದಾಗಿತ್ತೆಂದು ಅದೇ ಅಧ್ಯಯನವು ನಿರ್ಣಯಿಸಿರುವುದು.

ಹಾಗಾದರೆ ೩೪ ವಿಮಾನಗಳೂ ಏಕೆ ಒಡೆಯುವುದಿಲ್ಲವೆಂದು ಕೇಳಬಹುದು. ಅಸ್ಥಿರವಾಗಿ ಬಂದವುಗಳಲ್ಲಿ ಬಹುತೇಕ ಎಲ್ಲವೂ ಸುಖವಾಗಿಯೇ ಇಳಿಯುವುವು, ತೊಡಕಿರುವುದು ಇಲ್ಲಿಯೇ. ಪ್ರತಿಯೊಂದು ಸುಖಾವತರಣವೂ ನಿಯಮವು ಅತಿಯಾದುದೆಂಬ ಭಾವನೆಯನ್ನು ಚಾಲಕನಲ್ಲಿ ಬಲಪಡಿಸುವುದು. ನಿಯಮವನ್ನು ಮೀರಿದವನಿಗೆ ಆ ಕ್ಷಣದಲ್ಲಿ ಅಪಾಯವು ಕಡಮೆಯೆಂದು ತೋರುತ್ತಿದ್ದುದನ್ನೂ, ಲಕ್ಷಣಗಳು ಅನಾವಶ್ಯಕವಾಗಿ ಬಿಗಿಯಾಗಿವೆಯೆಂದು ಅನೇಕರು ಭಾವಿಸಿದ್ದುದನ್ನೂ ಅಧ್ಯಯನಕಾರರು ಕಂಡರು. ಆದುದರಿಂದ ಚಾಲಕರು ನಂಬಿ ನಡೆಯುವಂತೆ ಲಕ್ಷಣಗಳನ್ನೂ ಎತ್ತರದ ಎಲ್ಲೆಗಳನ್ನೂ ಮರಳಿ ಪರಿಶೀಲಿಸಬೇಕೆಂದು ಅವರು ಸೂಚಿಸಿದರು. ಯಾರೂ ಪಾಲಿಸದ ವಿಧಿಯು ಕ್ರಮೇಣ ಅರ್ಥವಾದವಾಗಿ ಉಳಿಯುವುದೆಂಬುದನ್ನು ಮೀಮಾಂಸೆಯನ್ನು ಓದಿದವರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ.

೫. ಉದಾಹರಣೆಗಳು

ಈ ಸಂಖ್ಯೆಗಳ ಹಿಂದಿರುವ ಸಂಗತಿಯನ್ನು ಕನ್ನಡನಾಡು ದುಃಖದಿಂದ ಅರಿತಿರುವುದು. ೨೦೧೦ನೆಯ ಮೇ ೨೨ರ ಬೆಳಗಿನಲ್ಲಿ ದುಬೈನಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯ ತುದಿಯನ್ನು ದಾಟಿ ಕಣಿವೆಗೆ ಬಿದ್ದು ಹೊತ್ತಿಕೊಂಡಿತು. ಅದರಲ್ಲಿದ್ದ ೧೬೬ ಜನರಲ್ಲಿ ೧೫೮ ಜನರು ಮೃತರಾದರು. ಎಂಟು ಮಂದಿ ಮಾತ್ರ ಬದುಕಿ ಉಳಿದರು. ಬಳಿಕ ನಡೆದ ವಿಚಾರಣೆಯಿಂದ ತಿಳಿದುಬಂದುದೇನೆಂದರೆ, ವಿಮಾನವು ನಿಯತವಾದ ಇಳಿಜಾರಿಗಿಂತ ಬಹಳ ಎತ್ತರದಲ್ಲಿದ್ದು ಅತಿವೇಗದಿಂದ ಇಳಿಯುತ್ತ ಬಂದಿತ್ತು. ಯಂತ್ರವೂ ಎಚ್ಚರಿಕೆಯನ್ನು ಕೊಡುತ್ತಿತ್ತು. ಸಹಚಾಲಕನು ಮೂರು ಬಾರಿ ‘ಗೋ-ಅರೌಂಡ್’ ಎಂದು ಹೇಳಿದ್ದನು. ಮುಖ್ಯಚಾಲಕನು ಅದನ್ನು ಕೈಕೊಳ್ಳಲಿಲ್ಲ. ವಿಮಾನದ ಚಕ್ರಗಳು ೮,೦೩೩ ಅಡಿ ಉದ್ದದ ರನ್‌ವೇಯಲ್ಲಿ ಸುಮಾರು ೫,೨೦೦ ಅಡಿ ಕಳೆದಮೇಲೆ ನೆಲವನ್ನು ಮುಟ್ಟಿದುವು. ಹಿಮ್ಮುಖ ಒತ್ತಡದ ಸಾಧನವನ್ನು ತೆರೆದಮೇಲೆ, ಎಂದರೆ ಪುನರಾರೋಹಣವು ನಿಷಿದ್ಧವಾದಮೇಲೆ, ಮೇಲೇರುವ ಯತ್ನವು ನಡೆಯಿತು. ಆಕಾಶದಲ್ಲಿದ್ದಾಗ ವಿಹಿತವಾಗಿದ್ದುದು ನೆಲದ ಮೇಲೆ ನಿಷಿದ್ಧವಾಗಿತ್ತು. ಕಾಲಕ್ಕೆ ಸರಿಯಾಗಿ ಮಾಡದ ನೈಮಿತ್ತಿಕವು ಕಾಲ ಮೀರಿದಮೇಲೆ ಫಲವನ್ನು ಕೊಡುವುದಿಲ್ಲ.

ಹತ್ತು ವರ್ಷಗಳ ಮೇಲೆ, ೨೦೨೦ನೆಯ ಆಗಸ್ಟ್ ೭ರ ಸಂಜೆ, ಕೇರಳದ ಕೋಳಿಕ್ಕೋಡಿನಲ್ಲಿ ಇಂಥದೇ ಗುಡ್ಡದ ಮೇಲಿನ ರನ್‌ವೇಯಲ್ಲಿ ಅದೇ ಸಂಸ್ಥೆಯ ವಿಮಾನವು ಅಪಘಾತಕ್ಕೀಡಾಯಿತು. ಇಲ್ಲಿ ಗಮನಿಸತಕ್ಕ ವಿಶೇಷವೊಂದುಂಟು. ಮಳೆಯಲ್ಲಿ ಮೊದಲನೆಯ ಅಭಿಗಮನವನ್ನು ಚಾಲಕರು ಕ್ರಮವಾಗಿಯೇ ಬಿಟ್ಟು ಮೇಲೇರಿದ್ದರು. ಎರಡನೆಯ ಸಲ ಎದುರು ದಿಕ್ಕಿನ ರನ್‌ವೇಯಲ್ಲಿ ಹಿಂಗಾಳಿಯೊಡನೆ ಇಳಿಯುತ್ತಿದ್ದಾಗ, ಸಹಚಾಲಕನು ‘ಗೋ-ಅರೌಂಡ್’ ಎಂದರೂ ಅವತರಣವು ಮುಂದುವರಿದು, ೮,೮೫೮ ಅಡಿಗಳ ರನ್‌ವೇಯಲ್ಲಿ ೪,೪೩೮ ಅಡಿ ಕಳೆದಮೇಲೆ ಚಕ್ರಗಳು ನೆಲವನ್ನು ಮುಟ್ಟಿದುವು. ಇಬ್ಬರು ಚಾಲಕರೂ ಸೇರಿ ೨೧ ಜನರು ಪ್ರಾಣವನ್ನು ನೀಗಿದರು. ಮರುದಿನದ ಪ್ರಯಾಣಕ್ಕೆ ಅಲ್ಲಿಯೇ ಇರಬೇಕೆಂಬ ಮುಖ್ಯಚಾಲಕನ ಆತುರವೂ ನಿರ್ಣಯದ ಮೇಲೆ ಪ್ರಭಾವವನ್ನು ಬೀರಿತೆಂದು ತನಿಖೆಯ ವರದಿಯು ಹೇಳಿರುವುದು. ಒಮ್ಮೆ ಮೇಲೇರಿ ಬಂದವನಿಗೆ ಎರಡನೆಯ ಸಲ ಮೇಲೇರುವುದು ಇನ್ನೂ ಕಷ್ಟವಾಗಿ ತೋರುವುದೆಂಬುದಕ್ಕೆ ಇದು ನಿದರ್ಶನ.

ಎರಡು ಸಂದರ್ಭಗಳಲ್ಲಿಯೂ ಆ ಮಾತು ಬಾಯಿಂದ ಹೊರಟಿತ್ತು, ಕ್ರಿಯೆಯು ಹುಟ್ಟಲಿಲ್ಲ. ವಿಧಿವಾಕ್ಯದ ಪ್ರವರ್ತಕತ್ವವು ಹೇಳಿದವನ ಯೋಗ್ಯತೆಯನ್ನು ಅಪೇಕ್ಷಿಸದೆ ಶಬ್ದದಲ್ಲಿಯೇ ಇರುವುದೆಂದು ಮೀಮಾಂಸಕರು ವೇದದ ವಿಷಯದಲ್ಲಿ ಪ್ರತಿಪಾದಿಸಿರುವರು. ವಿಮಾನದ ಚಾಲಕಸ್ಥಾನದಲ್ಲಿ ಈ ಒಂದು ಮಾತಿಗಾದರೂ ಅಂಥ ಪ್ರಾಮಾಣ್ಯವು ಇರಬೇಕಾಗಿದೆ. ಹಿರಿಯನು ಹೇಳಲಿ, ಕಿರಿಯನು ಹೇಳಲಿ, ನೆಲದ ಮೇಲಿನ ನಿಯಂತ್ರಕನು ಹೇಳಲಿ, ಹೇಳಿದೊಡನೆ ಮೇಲೇರಬೇಕು. ಸರಿಯೋ ತಪ್ಪೋ ಎಂಬ ಚರ್ಚೆಯು ಮೇಲೇರಿದ ಬಳಿಕ ನಡೆಯಬಹುದು. ಅನೇಕ ವಿಮಾನಸಂಸ್ಥೆಗಳು ಇಂದು ಹೀಗೆಯೇ ವಿಧಿಸಿರುವುವು. ಪುನರಾರೋಹಣಕ್ಕಾಗಿ ಚಾಲಕನನ್ನು ದಂಡಿಸಬಾರದೆಂಬ ನೀತಿಯನ್ನೂ ಅಂಗೀಕರಿಸಿರುವುವು.

ಮಾಡಿದುದರಿಂದ ಉಳಿದುದಕ್ಕೂ ಉದಾಹರಣೆಯುಂಟು. ೨೦೧೭ನೆಯ ಜುಲೈ ೭ರಂದು ಟೊರೊಂಟೋದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ರಾತ್ರಿವೇಳೆಯಲ್ಲಿ ಬಂದ ಏರ್ ಕೆನಡಾ ವಿಮಾನವು, ರನ್‌ವೇಯೆಂದು ಭ್ರಮಿಸಿ ಅದರ ಪಕ್ಕದಲ್ಲಿದ್ದ ಟ್ಯಾಕ್ಸಿವೇಯ ಕಡೆಗೆ ಇಳಿಯುತ್ತಿತ್ತು. ಅಲ್ಲಿ ನಾಲ್ಕು ವಿಮಾನಗಳು ಪ್ರಯಾಣಿಕರನ್ನು ತುಂಬಿಕೊಂಡು ಹೊರಡಲು ಕಾದು ನಿಂತಿದ್ದುವು. ಏನೋ ಸರಿಯಿಲ್ಲವೆಂದು ಚಾಲಕರಿಗೆ ತೋರಿ ಅವರು ಮೇಲೇರತೊಡಗಿದಾಗ ವಿಮಾನವು ನೆಲದಿಂದ ಸುಮಾರು ೬೦ ಅಡಿಗಳವರೆಗೆ ಬಂದಿತ್ತು. ರಜ್ಜುಸರ್ಪನ್ಯಾಯದಂತೆ ಭ್ರಮೆಯು ಪೂರ್ತಿ ಕಳೆದ ಮೇಲೆ ಅವರು ಮೇಲೇರಿದುದಲ್ಲ. ಸಂಶಯವು ಹುಟ್ಟಿದಷ್ಟಕ್ಕೇ ಮೇಲೇರಿದರು. ಸಂಶಯವೇ ಸಾಕಾದ ನಿಮಿತ್ತವೆಂಬುದು ಇದರಿಂದ ಸ್ಪಷ್ಟಪಡುವುದು.

೬. ಪೂರ್ವಪಕ್ಷ ಮತ್ತು ಸಮಾಧಾನ

ಇಲ್ಲಿ ಒಂದು ಆಕ್ಷೇಪವು ಏಳುವುದು. ಪುನರಾರೋಹಣವು ತಾನೇ ಅಪಾಯರಹಿತವಲ್ಲ. ಆದುದರಿಂದ ಅದನ್ನು ಹೆಚ್ಚಿಸುವುದರಿಂದ ಒಂದು ಅಪಾಯವನ್ನು ಬಿಟ್ಟು ಇನ್ನೊಂದನ್ನು ಹಿಡಿದಂತಾಗುವುದಲ್ಲವೆ ಎಂದು. ಈ ಆಕ್ಷೇಪವು ನಿರಾಧಾರವಾದುದಲ್ಲ. ೨೦೧೩ನೆಯ ನವೆಂಬರ್ ೧೭ರಂದು ರಷ್ಯದ ಕಜಾನಿನಲ್ಲಿ ಮೇಲೇರತೊಡಗಿದ ವಿಮಾನವೊಂದು ಮೂತಿ ತಗ್ಗಿ ನೆಲಕ್ಕಪ್ಪಳಿಸಿ ೫೦ ಜನರು ಮಡಿದರು. ೨೦೧೬ನೆಯ ಮಾರ್ಚ್ ೧೯ರಂದು ಅದೇ ದೇಶದ ರಾಸ್ತೋವಿನಲ್ಲಿ, ಮೊದಲನೆಯ ಸಲ ಮೇಲೇರಿ ಸುಮಾರು ಎರಡು ಗಂಟೆಗಳ ಕಾಲ ಕಾದು, ಎರಡನೆಯ ಸಲವೂ ಮೇಲೇರತೊಡಗಿದ ವಿಮಾನವು ಹಾಗೆಯೇ ಬಿದ್ದು ೬೨ ಜನರು ಸತ್ತರು. ಅದೇ ವರ್ಷದ ಆಗಸ್ಟ್ ೩ರಂದು ತಿರುವನಂತಪುರದಿಂದ ದುಬೈಗೆ ಹೋದ ಎಮಿರೇಟ್ಸ್ ವಿಮಾನವು ರನ್‌ವೇಯನ್ನು ಮುಟ್ಟಿ ಮತ್ತೆ ಏರಲು ಯತ್ನಿಸಿದಾಗ ಎಂಜಿನ್‌ಗಳಿಗೆ ಶಕ್ತಿಯು ಸಕಾಲದಲ್ಲಿ ದೊರೆಯದೆ ಕೆಳಕ್ಕೆ ಕುಸಿಯಿತು. ಒಳಗಿದ್ದ ೩೦೦ ಜನರೂ ಉಳಿದರು, ಆದರೆ ಬೆಂಕಿಯನ್ನು ಆರಿಸಲು ಬಂದ ಒಬ್ಬನು ಮೃತನಾದನು. ಹತ್ತು ಪುನರಾರೋಹಣಗಳ ವರದಿಗಳಲ್ಲಿ ಒಂದರಲ್ಲಿಯಾದರೂ ಅಪಾಯಕ್ಕೆ ಎಡೆಗೊಡಬಹುದಾದ ಸಂಗತಿಯು ಕಂಡುಬರುವುದೆಂದು ಮೇಲೆ ಹೇಳಿದ ೨೦೧೭ರ ವರದಿಯೇ ಒಪ್ಪಿರುವುದು.

ಇದಕ್ಕೆ ಕಾರಣವೂ ಪರಿಶೀಲಿಸಲ್ಪಟ್ಟಿದೆ. ಪ್ರಯಾಣದ ಕೊನೆಯಲ್ಲಿ ಇಂಧನವು ಕಳೆದು ವಿಮಾನವು ಹಗುರಾಗಿರುವುದು. ಅಂಥ ವಿಮಾನಕ್ಕೆ ಪೂರ್ಣಶಕ್ತಿಯನ್ನು ಕೊಟ್ಟೊಡನೆ ಅದು ಅತಿಶಯವಾದ ವೇಗವನ್ನು ಪಡೆಯುವುದು. ಮನುಷ್ಯನ ಒಳಗಿವಿಯಲ್ಲಿರುವ ಸಮತೋಲನದ ಇಂದ್ರಿಯಕ್ಕೆ ಮುಂದಕ್ಕೆ ಏರುವ ವೇಗವನ್ನೂ ಹಿಂದಕ್ಕೆ ವಾಲುವಿಕೆಯನ್ನೂ ಬೇರ್ಪಡಿಸಿ ತಿಳಿಯುವ ಶಕ್ತಿಯಿಲ್ಲ. ಕತ್ತಲೆಯಲ್ಲಿಯೋ ಮೋಡದಲ್ಲಿಯೋ ಕಣ್ಣಿನ ಸಹಾಯವು ತಪ್ಪಿದಾಗ, ವಿಮಾನದ ಮೂತಿಯು ಅತಿಯಾಗಿ ಮೇಲಕ್ಕೆ ಹೋಗುತ್ತಿರುವಂತೆ ಚಾಲಕನಿಗೆ ಭಾಸವಾಗುವುದು. ಅವನು ಅದನ್ನು ಕೆಳಕ್ಕೊತ್ತುವನು. ನೆಲವು ಸಮೀಪದಲ್ಲಿಯೇ ಇರುವುದು. ಪ್ರತ್ಯಕ್ಷವು ಪ್ರಮಾಣವೆನಿಸಿದರೂ ಇಂದ್ರಿಯದೋಷವಿರುವಲ್ಲಿ ಅದು ಪ್ರಮಾಣಾಭಾಸವಾಗುವುದೆಂದು ನೈಯಾಯಿಕರು ಹೇಳುವುದಕ್ಕೆ ಇದಕ್ಕಿಂತ ದಾರುಣವಾದ ದೃಷ್ಟಾಂತವು ದೊರೆಯಲಾರದು. ಇಂಥ ಸಂದರ್ಭದಲ್ಲಿ ಸ್ವಶರೀರದ ಅನುಭವವನ್ನು ಬಿಟ್ಟು ಯಂತ್ರದ ಮುಳ್ಳನ್ನೇ ನಂಬಬೇಕೆಂದು ಚಾಲಕರಿಗೆ ಬೋಧಿಸುವರು. ಫ್ರಾನ್ಸಿನ ವಿಮಾನಾಪಘಾತ ವಿಚಾರಣಾಸಂಸ್ಥೆಯು ೨೦೧೩ರಲ್ಲಿ ಈ ವಿಷಯವನ್ನೇ ಕುರಿತು ಒಂದು ಅಧ್ಯಯನವನ್ನು ಪ್ರಕಟಿಸಿರುವುದು.

ಆದರೆ ಈ ಆಕ್ಷೇಪದಿಂದ ಸಿದ್ಧವಾಗುವುದು ಪುನರಾರೋಹಣವನ್ನು ಮಾಡಬಾರದೆಂದಲ್ಲ, ಅಭ್ಯಾಸವಿಲ್ಲದೆ ಮಾಡಬಾರದೆಂದು. ಎರಡು ಮೂರು ವರ್ಷಗಳಿಗೊಮ್ಮೆ ಮಾತ್ರ ಕೈಗೆ ಬರುವ ಕ್ರಿಯೆಯು ಬಂದಾಗ ಕೈಯನ್ನು ನಡುಗಿಸುವುದು ಸಹಜ. ವಿರಳತೆಯಿಂದ ಅನಭ್ಯಾಸ, ಅನಭ್ಯಾಸದಿಂದ ಭಯ, ಭಯದಿಂದ ಮತ್ತೆ ವಿರಳತೆ ಎಂಬ ಚಕ್ರಕದೋಷವು ಇಲ್ಲಿ ತಲೆದೋರುವುದು. ಕೃತಕವಿಮಾನಗಳೆನಿಸುವ ಸಿಮ್ಯುಲೇಟರುಗಳಲ್ಲಿ ಎಲ್ಲ ಎಂಜಿನ್‌ಗಳೂ ಕೆಲಸಮಾಡುತ್ತಿರುವಾಗಿನ ಸಾಮಾನ್ಯ ಪುನರಾರೋಹಣವನ್ನೂ, ಅನಿರೀಕ್ಷಿತವಾದ ಎತ್ತರಗಳಲ್ಲಿ ತೊಡಗುವ ಪುನರಾರೋಹಣವನ್ನೂ ಮತ್ತೆ ಮತ್ತೆ ಅಭ್ಯಾಸ ಮಾಡಿಸುವುದೇ ಈ ಚಕ್ರವನ್ನು ಮುರಿಯುವ ಉಪಾಯ. ಪ್ರಯಾಣಿಕರಿಗಾಗುವ ನಷ್ಟವಾದರೋ ಹತ್ತು ಹದಿನೈದು ನಿಮಿಷಗಳ ಕಾಲವೂ, ಅಷ್ಟು ಹೊತ್ತಿನ ಇಂಧನವೂ ಮಾತ್ರ.

೭. ಉಪಸಂಹಾರ

ಉಪಸಂಹಾರವೆಂಬ ಪದವು ಇಂದು ಗ್ರಂಥದ ಕೊನೆಯ ಭಾಗವನ್ನು ಮಾತ್ರ ಬೋಧಿಸುವುದು. ಧನುರ್ವಿದ್ಯೆಯ ಪರಿಭಾಷೆಯಲ್ಲಿ ಅದಕ್ಕೆ ಬೇರೊಂದು ಅರ್ಥವಿತ್ತು. ಪ್ರಯೋಗಿಸಿದ ಅಸ್ತ್ರವನ್ನು ಹಿಂದಕ್ಕೆ ತೆಗೆದುಕೊಳ್ಳುವುದೇ ಉಪಸಂಹಾರ. ಮಹಾಭಾರತದ ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮನೂ ಅರ್ಜುನನೂ ಬ್ರಹ್ಮಶಿರೋಸ್ತ್ರವನ್ನು ಎದುರುಬದುರಾಗಿ ಪ್ರಯೋಗಿಸಿದ ಕಥೆಯು ಎ‌ಲ್ಲರಿಗೂ ತಿಳಿದುದು. ವ್ಯಾಸನಾರದರು ನಡುವೆ ಬಂದು ನಿಂತಾಗ ಅರ್ಜುನನು ತನ್ನ ಅಸ್ತ್ರವನ್ನು ಹಿಂತೆಗೆದನು. ಅಶ್ವತ್ಥಾಮನಿಗೆ ಹಿಂತೆಗೆಯುವ ಶಕ್ತಿಯಿರಲಿಲ್ಲ. ಪ್ರಯೋಗದಲ್ಲಿ ಇಬ್ಬರೂ ಸಮಾನರೇ. ಇಬ್ಬರಿಗೂ ಇರುವ ತಾರತಮ್ಯವು ಉಪಸಂಹಾರದಲ್ಲಿ ಮಾತ್ರ ಕಂಡುಬಂದಿತು. ಅರ್ಜುನನು ಹಿಂತೆಗೆದುದನ್ನು ಅವನ ಸೋಲೆಂದು ಯಾವ ಓದುಗನೂ ಎಣಿಸಿಲ್ಲ. ವಿದ್ಯೆಯು ಅವನಲ್ಲಿ ಪೂರ್ಣವಾಗಿತ್ತೆಂಬುದಕ್ಕೆ ಗುರುತೆಂದೇ ಎಣಿಸಿರುವರು.

ವಿಮಾನವಿದ್ಯೆಯಲ್ಲಿ ಪುನರಾರೋಹಣದ ಸ್ಥಾನವು ಇದೇ ಆಗಿದೆ. ಅದು ಸಾವಿರಕ್ಕೆ ಒಂದರಿಂದ ಮೂರು ಬಾರಿ ನಡೆಯುವುದೆಂಬುದು ಸಂಗತಿಯ ಅರ್ಧ. ನಡೆಯಬೇಕಾದಷ್ಟು ಬಾರಿ ನಡೆಯುತ್ತಿಲ್ಲವೆಂಬುದು ಉಳಿದರ್ಧ. ಮಾಡಿದವನನ್ನು ಸೋತವನೆಂದು ಲೋಕವು ಕರೆಯುವವರೆಗೆ ಈ ಲೋಪವು ಯಂತ್ರಗಳಿಂದಲೂ ನಿಯಮಗಳಿಂದಲೂ ಮಾತ್ರ ಪೂರ್ತಿಯಾಗಿ ತುಂಬುವಂತೆ ಕಾಣುವುದಿಲ್ಲ. ಚಾಲಕನೂ ಲೋಕದ ಭಾಷೆಯಲ್ಲಿಯೇ ಬೆಳೆದವನು. ತಾನು ಮಾಡುವ ಕಾರ್ಯಕ್ಕೆ ಲೋಕವು ಇಟ್ಟ ಹೆಸರು ಅವನ ಕಿವಿಗೂ ಬೀಳುವುದು. ಆದುದರಿಂದ ಕೋಶಗಳನ್ನು ರಚಿಸುವವರೂ, ಪತ್ರಿಕೆಗಳಿಗೆ ಬರೆಯುವವರೂ, ಶಾಲೆಗಳಲ್ಲಿ ಭಾಷೆಯನ್ನು ಕಲಿಸುವವರೂ ಈ ಕ್ರಿಯೆಯನ್ನು ಹೇಳುವಾಗ ವಿಫಲ, ಭಂಗ, ತಪ್ಪು ಎಂಬ ಪದಗಳನ್ನು ಬಿಟ್ಟು ಪುನರಾರೋಹಣವೆಂದೋ ಮರುವೇರಿಕೆಯೆಂದೋ ಬಳಸುವುದು ಯುಕ್ತವಾಗಿ ತೋರುವುದು. ಇದಕ್ಕಿಂತ ಉಚಿತವಾದ ಸಂಜ್ಞೆಯು ದೊರೆತರೆ ಅದನ್ನು ಗ್ರಹಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ ಆ ಸಂಜ್ಞೆಯಲ್ಲಿ ದೋಷದ ಸೂಚನೆಯು ಇರಬಾರದೆಂಬ ಒಂದು ನಿಬಂಧನೆಯನ್ನು ಮಾತ್ರ ವಿದ್ವಾಂಸರು ಲಕ್ಷ್ಯದಲ್ಲಿಡಬೇಕಾಗಿದೆ.